ಪಕ್ಕದ ಗೋಡೆಯ ಬಣವೆ

ಓಬನ್
ಮಂಗಳವಾರ, 9 ಮೇ 1978

ಪ್ರೀತಿಯ ಫಾರ್ಕರ್,

ನಿನ್ನ ಸೀಟಿನಲ್ಲಿ ನನ್ನ ಕೋಟು, ಕೈಚೀಲ ಮತ್ತು ಒಂದು ಡಬ್ಬಿ ಬೆಣ್ಣೆ ಬಿಸ್ಕತ್ತು ಕೂತುಕೊಂಡು ಬಂದವು. ಮೂರೂ ನಿನಗಿಂತ ಚೆನ್ನಾಗಿ ಹರಟಿದವು. ಬಸ್ಸು ತುಂಬ ಪ್ರವಾಸ ಹೊರಟ ಪಿಂಚಣಿದಾರರು, ನಡುವೆ ಒಂದೇ ಒಂದು ಖಾಲಿ ಸೀಟು. ಯಾರಾದರೂ ಸುಮ್ಮನಿರುತ್ತಾರೆಯೇ? ಗ್ರೀನಕ್ ದಾಟುವ ಮೊದಲೇ ಹಿಂದಿನ ಸಾಲಿನ ಮಿಸೆಸ್ ಪರ್ಡಿ ಕತ್ತು ಚಾಚಿ, "ಯಜಮಾನ್ರು ಬರ್ಲಿಲ್ವಾ? ತೀರ್ಕೊಂಡ್ರಾ?" ಎಂದಳು. "ಇಲ್ಲಾರೀ, ಬೆನ್ನು ನೋವು," ಎಂದೆ. "ಗಂಡಸ್ರ ಬೆನ್ನು ನಂಗೊತ್ತಿಲ್ವಾ!" ಎಂದು ನಕ್ಕು ನನ್ನ ಕೈಗೊಂದು ಮಿಠಾಯಿ ಇಟ್ಟಳು.

ನಿಜ ಹೇಳು. ಸೋಮವಾರ ಸಂಜೆಯವರೆಗೂ ಬಗ್ಗಿ ಟೊಮೇಟೊ ಗಿಡಗಳಿಗೆ ಕೋಲು ಕಟ್ಟಿದವನಿಗೆ ಮಂಗಳವಾರ ಬಸ್ಸಿನ ಹಾರ್ನ್ ಕೇಳಿದ ಕೂಡಲೇ ಬೆನ್ನು ಹಿಡಿಯಿತೇ?

ನಾಳೆ ದೊಡ್ಡ ಹಡಗು. ಬಸ್ಸೂ ನಮ್ಮ ಜೊತೆಗೇ ಬರುತ್ತದೆ. ಮೊದಲು ಬಾರಾ, ಆಮೇಲೆ ಯೂಸ್ಟ್, ಶನಿವಾರ ಹ್ಯಾರಿಸ್. ಮೂವತ್ತು ವರ್ಷವಾಗುತ್ತ ಬಂತು, ಆ ದ್ವೀಪದ ಹೆಸರು ಬಂದರೆ ಸಾಕು, ನೀನು ಎದ್ದು ಹೋಗಿ ಟೀಗೆ ನೀರಿಡುತ್ತೀಯ. ನಿನ್ನ ಅಣ್ಣ ಲಾಕ್ಲನ್ ಅಲ್ಲಿ ಒಬ್ಬನೇ ಇದ್ದಾನೆ. ನಮ್ಮ ಬಸ್ಸು ಅವನ ಮನೆಯ ಮುಂದೆಯೇ ಹಾಯುತ್ತದೆ. ಇಳಿದು ಬಾಗಿಲು ತಟ್ಟಲೇ, ಬೇಡವೇ? ಶುಕ್ರವಾರ ಯೂಸ್ಟ್‌ನ ಲಾಕ್‌ಮ್ಯಾಡಿ ಹೋಟೆಲಿನಲ್ಲಿ ನಿನ್ನ ಉತ್ತರಕ್ಕೆ ಕಾಯುತ್ತೇನೆ.

ನಿನ್ನ
ಎಲ್ಸ್‌ಪೆತ್


ಗ್ರೀನಕ್
ಬುಧವಾರ, 10 ಮೇ

ಎಲ್ಸ್‌ಪೆತ್,

ಕಾಗದ ತಲುಪಿತು. ಇಲ್ಲಿ ತುಂತುರು. ಗಿಡದಲ್ಲಿ ನಾಲ್ಕು ಹೂ ಬಿಟ್ಟಿವೆ. ನೀನು ಮಾಡಿಟ್ಟ ಸೂಪು ಮುಗಿಯಿತು. ಬೆನ್ನು ಹಾಗೆಯೇ ಇದೆ.

ತಟ್ಟಬೇಡ.

ನಿನಗೆ ಯಾವತ್ತೂ ಪೂರ್ತಿ ಹೇಳಿಲ್ಲ. ಹೇಳುವಂಥದ್ದು ಹೆಚ್ಚೇನೂ ಇಲ್ಲ. ಅಪ್ಪ ತೀರಿಕೊಂಡ ವರ್ಷದ ಮೇ ತಿಂಗಳು. ನಾವಿಬ್ಬರೂ ಒಲೆಗೆ ಪೀಟ್ ಕೊಯ್ಯುತ್ತಿದ್ದೆವು. ಅದು ಇಬ್ಬರ ಕೆಲಸ. ಒಬ್ಬ ಮೇಲೆ ನಿಂತು ಆ ಕಪ್ಪು ಕೆಸರುನೆಲವನ್ನು ಸಲಿಕೆಯಿಂದ ಇಟ್ಟಿಗೆಯಾಗಿ ಕತ್ತರಿಸಬೇಕು, ಇನ್ನೊಬ್ಬ ಕೆಳಗೆ ನಿಂತು ಅದನ್ನು ಹಿಡಿದು ಹುಲ್ಲಿನ ಮೇಲೆ ಒಣಗಲು ಎಸೆಯಬೇಕು. ನಾನು ಕೆಳಗಿದ್ದೆ. ಲಾಕ್ಲನ್ ಇದ್ದಕ್ಕಿದ್ದಂತೆ ಸಲಿಕೆಯನ್ನು ನೆಲಕ್ಕೆ ಚುಚ್ಚಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದ: "ಈ ಒಲೆಗೆ ಒಬ್ಬ ಸಾಕು. ನಿಂಗಿಲ್ಲಿ ಜಾಗ ಇಲ್ಲ. ಹೋಗು." ಜಗಳವೇ ಆಗಿರಲಿಲ್ಲ. ನಾನು ಹೊರಟುಬಂದೆ. ಮತ್ತೆ ಬಾ ಎಂದು ಅವನು ಬರೆಯಲಿಲ್ಲ.

ಕರೆಯದ ಮನೆಗೆ ಹೋಗುವವನು ನಾನಲ್ಲ. ನನ್ನ ಹೆಂಡತಿಯೂ ಹೋಗಬಾರದು.

ಹಡಗಿನ ಮೇಲೆ ಗಾಳಿ ಜೋರು. ಉಣ್ಣೆ ಕೋಟು ಹಾಕಿಕೊ.

ಫಾರ್ಕರ್


ಕ್ಯಾಸಲ್‌ಬೇ, ಬಾರಾ
ಗುರುವಾರ, 11 ಮೇ

ಪ್ರೀತಿಯ ಫಾರ್ಕರ್,

ನಿನ್ನೆ ಮಧ್ಯಾಹ್ನದಿಂದ ನಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ತಿಳಿಯುತ್ತಿಲ್ಲ. ಹಡಗು ಹೊರಟು ಎರಡು ಗಂಟೆಯಾದಮೇಲೆ ಹಿಂದಿನ ನೆಲ ಮರೆಯಾಯಿತು, ಮುಂದಿನದು ಇನ್ನೂ ಕಾಣಲಿಲ್ಲ. ಸಮುದ್ರಕ್ಕೂ ಆಕಾಶಕ್ಕೂ ಒಂದೇ ಬೂದು ಬಣ್ಣ. ಆಮೇಲೆ ದ್ವೀಪಗಳು ಒಂದೊಂದಾಗಿ ತೇಲಿಬಂದವು. ಬುಡವೇ ಇರಲಿಲ್ಲ, ಬರೀ ತುದಿ. ನೋಡುತ್ತಿದ್ದ ಹಾಗೆಯೇ ಒಂದು ಕರಗಿಹೋಗುತ್ತಿತ್ತು. "ಅಲ್ಲಿತ್ತಲ್ಲಾರೀ, ಎಲ್ಲಿ ಹೋಯ್ತು?" ಎಂದು ಮಿಸೆಸ್ ಪರ್ಡಿ ನನ್ನ ತೋಳು ಹಿಡಿದು ಕೇಳುತ್ತಿದ್ದಳು, ನಾನೇ ಎತ್ತಿಟ್ಟವಳ ಹಾಗೆ.

ಇಲ್ಲಿ ಸಂಜೆಗೆ ಮನೆಗೆ ಹೋಗುವ ಮನಸ್ಸೇ ಇಲ್ಲ. ಊಟವಾಗಿ ಎಷ್ಟೋ ಹೊತ್ತಾದರೂ ಕಿಟಕಿಯಲ್ಲಿ ಹಾಲಿನಂಥ ಬೆಳಕು ನಿಂತೇ ಇತ್ತು. ಮರಳಿನ ಮೇಲೆ ಹಸುಗಳು ಮಲಗಿದ್ದವು. ಅವುಗಳ ಎದುರಿಗೆ ನೀರಿನಲ್ಲಿ ನೀರುನಾಯಿಯಂಥ ಸೀಲುಗಳು ತಲೆಯೆತ್ತಿದ್ದವು. ಎರಡು ಕಡೆಯವರೂ ಒಬ್ಬರನ್ನೊಬ್ಬರು ಸುಮ್ಮನೆ ನೋಡುತ್ತಿದ್ದರು. ನಾನೂ ಅವರ ಜೊತೆ ನಿಂತೆ.

ಒಂದು ಮಾತು. ನೀನು ನಿದ್ದೆಯಲ್ಲಿ ಏನೇನೋ ಗೊಣಗುತ್ತೀಯಲ್ಲ, ಅದಕ್ಕೆ ಅರ್ಥವೇ ಇಲ್ಲ ಎಂದುಕೊಂಡಿದ್ದೆ. ಇವತ್ತು ಅಂಗಡಿಯಲ್ಲಿ ಒಬ್ಬಾಕೆ ಅದೇ ಮಾತಿನಲ್ಲಿ ಈರುಳ್ಳಿ ಕೇಳಿದಳು. ಅದೇ ಏರಿಳಿತ, ಕೊನೆಯಲ್ಲಿ ಅದೇ ನಿಟ್ಟುಸಿರು. ಅವರೆಲ್ಲ ಹಗಲಿನಲ್ಲಿ, ಎಚ್ಚರವಿದ್ದು, ನಗುತ್ತ ಆಡುವ ಗೇಲಿಕ್ ಮಾತನ್ನು ನೀನು ಮಲಗಿದ ಮೇಲೆ ಮಾತ್ರ ಆಡುತ್ತೀಯ. ನನಗೆ ಅಂಗಡಿಯಲ್ಲಿ ಅಳು ಬಂತು. ಈರುಳ್ಳಿಯಿಂದ ಎಂದೆ.

ಎಲ್ಸ್‌ಪೆತ್


ಲಾಕ್‌ಮ್ಯಾಡಿ
ಶುಕ್ರವಾರ, 12 ಮೇ

ಫಾರ್ಕರ್,

ನಿನ್ನ ಕಾಗದ ಹೋಟೆಲಿನಲ್ಲಿ ನನಗಿಂತ ಮೊದಲೇ ಬಂದು ಕೂತಿತ್ತು. ಎರಡು ಸಲ ಓದಿದೆ. ಇಷ್ಟು ವರ್ಷ ನೀನು ಟೀ ಬಟ್ಟಲಿನಲ್ಲಿ ಮುಳುಗಿಸಿಟ್ಟದ್ದು ಇದೇ ಏನು? ಒಂದು ವಾಕ್ಯ?

ಸಿಟ್ಟು ಬಂದಿದೆ. ನಿನ್ನ ಮೇಲೋ ಅವನ ಮೇಲೋ ಇನ್ನೂ ತೀರ್ಮಾನಿಸಿಲ್ಲ. ಬೆಳಿಗ್ಗೆಯಿಂದ ಬಸ್ಸು ನೀರಿನ ಮೇಲೆಯೇ ಹೋಗುತ್ತಿದೆ. ಎಡಕ್ಕೂ ಕೆರೆ, ಬಲಕ್ಕೂ ಕೆರೆ, ನಡುವೆ ಒಂದು ಬಸ್ಸಿನಗಲದ ರಸ್ತೆ. ಎದುರು ಬಂದವರು ಪಕ್ಕಕ್ಕೆ ಸರಿದು ನಿಂತು ಒಂದು ಬೆರಳೆತ್ತಿ ವಂದಿಸುತ್ತಾರೆ. ನಮ್ಮ ಡ್ರೈವರ್ ಶಗ್ ಕೂಡ ಒಂದೇ ಬೆರಳು ಎತ್ತುತ್ತಾನೆ. "ಇನ್ನೊಂದ್ ಬೆರಳು ಎತ್ತಿದ್ರೆ ಇಲ್ಲಿ ಅದು ಅಪ್ಪಿಕೊಂಡ ಹಾಗೆ, ತಾಯಂದಿರೇ!" ಎಂದ. ಎಲ್ಲರೂ ನಕ್ಕರು. ನನಗೆ ನೀನು ನೆನಪಾದೆ.

ಸರಿ. ನಾನು ಬಾಗಿಲು ತಟ್ಟುವುದಿಲ್ಲ. ಮಾತು ಕೊಟ್ಟೆ. ಬಿಸ್ಕತ್ತಿನ ಡಬ್ಬಿ ಯಾರಿಗೆಂದು ತಂದೆ ಎಂದು ಮಾತ್ರ ಕೇಳಬೇಡ.

ಎಲ್ಸ್‌ಪೆತ್


ಗ್ರೀನಕ್
ಶುಕ್ರವಾರ, 12 ಮೇ

ಎಲ್ಸ್‌ಪೆತ್,

ನಿನ್ನ ಕಾಗದ ಬರುವುದಕ್ಕೆ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ. ಅಭ್ಯಾಸವಿಲ್ಲ, ತಪ್ಪಾಗಿದ್ದರೆ ನಗಬೇಡ.

ನಿನ್ನೆ ಹಡಗುಕಟ್ಟೆಗೆ ಹೋಗಿ ಸಂಜೆಯವರೆಗೆ ಕೂತಿದ್ದೆ. ಇವತ್ತೂ ಹೋಗಿದ್ದೆ. ಪಡುವಣ ಗಾಳಿ ಇತ್ತು. ಆ ಗಾಳಿಯಲ್ಲಿ ನಮ್ಮೂರಿನ ಹೊಗೆಯ ವಾಸನೆ ಇರಬಹುದೇ ಎಂದು ಮೂಗೆತ್ತಿ ನಿಂತೆ. ಇರಲಿಲ್ಲ. ಯಾರೋ ಮೀನು ಕರಿಯುತ್ತಿದ್ದರು.

ಒಂದು ಸಣ್ಣ ಕೆಲಸವಿದೆ. ಬಸ್ಸು ಕೆಂಪು ತಗಡಿನ ಚಾವಣಿಯ ಮನೆ ದಾಟುವಾಗ ಚಿಮಣಿಯಿಂದ ಹೊಗೆ ಬರುತ್ತಿದೆಯೇ ನೋಡು. ಅಷ್ಟೇ. ಇಳಿಯಬೇಡ. ಅವನಿಗೀಗ ಅರವತ್ತೇಳು. ಇದ್ದಾನೆ ಎಂದು ತಿಳಿದರೆ ಸಾಕು.

ಹೂಗಳಲ್ಲಿ ಒಂದು ಉದುರಿತು.

ಫಾರ್ಕರ್


ಹ್ಯಾರಿಸ್
ಭಾನುವಾರ, 14 ಮೇ

ಪ್ರೀತಿಯ ಫಾರ್ಕರ್,

ಇಲ್ಲಿ ಭಾನುವಾರ ದೇವರ ದಿನ, ಕೋಳಿಗಳೂ ಮೆಲ್ಲಗೆ ಕೂಗುತ್ತವೆ. ಹಡಗಿಲ್ಲ, ಬಸ್ಸಿಲ್ಲ, ದಾರದ ಮೇಲೆ ಒಂದು ಕಾಲುಚೀಲ ಕೂಡ ಒಣಗುತ್ತಿಲ್ಲ. ಮಿಸೆಸ್ ಪರ್ಡಿ ಹೆಣಿಗೆ ತೆಗೆದಳು. ಹೋಟೆಲಿನೊಡತಿ ಸದ್ದಿಲ್ಲದೆ ಬಂದು ಅದರ ಮೇಲೆ ಬೈಬಲ್ ಇಟ್ಟು ಹೋದಳು. ಕಾಗದ ಬರೆಯುವುದೂ ಇಲ್ಲಿ ತಪ್ಪೇ. ನಾನೂ ಬೈಬಲ್ಲಿನ ಅಡಿಯಲ್ಲಿ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಕೊಟ್ಟ ಮಾತು ಮುರಿಯಲಿಲ್ಲ. ನಿನ್ನೆ ನಿನ್ನ ಅಣ್ಣನ ಬಾಗಿಲು ತಟ್ಟಿದ್ದು ನಾನಲ್ಲ, ಮಿಸೆಸ್ ಪರ್ಡಿ.

ಹಡಗಿನಿಂದ ಇಳಿದು ಹೋಟೆಲಿಗೆ ಬರುವ ದಾರಿಯಲ್ಲಿ ಅವಳಿಗೆ ಅವಸರವಾಯಿತು. "ಇನ್ನೊಂದ್ ಹತ್ ಮೈಲಿ ತಡ್ಕೊಳ್ಳೀ, ಮಿಸೆಸ್ ಪರ್ಡಿ," ಎಂದ ಶಗ್. "ತಡ್ಕೊಳ್ಳೋ ವಯಸ್ಸು ಯಾವಾಗ್ಲೋ ದಾಟ್ತು ಕಣಪ್ಪಾ, ನಿಲ್ಸು!" ಎಂದಳು. ಅಷ್ಟರಲ್ಲಿ ಕೆಂಪು ತಗಡಿನ ಚಾವಣಿಯ ಮನೆ ಕಂಡಿತು. ಲಾಕ್ಲನ್‌ನ ಮನೆ ಅದೇ ಎಂದು ಹಡಗಿನಲ್ಲೇ ಶಗ್‌ನಿಂದ ತಿಳಿದುಕೊಂಡಿದ್ದೆ. ಹಡಗಿನಲ್ಲಿ ಅವಳಿಗೆ ಮೂರನೆಯ ಬಟ್ಟಲು ಟೀ ಸುರಿದವಳು ನಾನೇ ಎಂಬುದನ್ನು ದೇವರು ಭಾನುವಾರವಾದ್ದರಿಂದ ಕ್ಷಮಿಸಲಿ.

ಮಳೆ ಬಂದು ಹೊಲದ ಕೆಲಸ ನಿಂತಿತ್ತು, ಅವನು ಮನೆಯಲ್ಲಿದ್ದ. ನಿನ್ನದೇ ಭುಜ, ನಿನ್ನದೇ ಕಿವಿ. ಯಾರು, ಎಲ್ಲಿಯವರು ಎಂದು ಕೇಳಲಿಲ್ಲ. "ಬನ್ನಿ ಬನ್ನಿ, ಒಳಗ್ ಬನ್ನಿ," ಎಂದು, ಮಿಸೆಸ್ ಪರ್ಡಿಯ ಹಿಂದೆ ಇಳಿದಿದ್ದ ನಮ್ಮನ್ನೂ ಸೇರಿಸಿ ನಾಲ್ಕು ಹೆಂಗಸರನ್ನೂ ಕೂರಿಸಿ ಟೀ ಮಾಡಿದ, ಓಟ್ಸ್ ರೊಟ್ಟಿ ಕೊಟ್ಟ. ಆದರೆ ಫಾರ್ಕರ್, ಆ ಮನೆಯ ಚಳಿ! ಒಲೆಯಲ್ಲಿ ಎರಡೇ ಪೀಟ್ ಇಟ್ಟಿಗೆ ಹೊಗೆಯಾಡುತ್ತಿದ್ದವು. ಅವನು ಮನೆಯೊಳಗೇ ಕೋಟು ತೊಟ್ಟಿದ್ದ. ನಮಗೋಸ್ಕರ ಬುಟ್ಟಿಯ ತಳ ಗುಡಿಸಿ ಇನ್ನೊಂದು ಹಾಕಿದ.

ಬಾಗಿಲ ಮುಂದಿನ ಪೀಟ್ ಬಣವೆ ಮುಗಿದು ಬರೀ ಪುಡಿ ಉಳಿದಿತ್ತು. ಸರಿ, ಬಡವ ಎಂದುಕೊಂಡೆ. ಆಮೇಲೆ ಮಿಸೆಸ್ ಪರ್ಡಿಯ ಜೊತೆ ಹಿತ್ತಲಿಗೆ ಹೋದೆ. ಪಕ್ಕದ ಗೋಡೆಗೆ ಒರಗಿ ಇನ್ನೊಂದು ಬಣವೆ, ಪೂರ್ತಿ ತುಂಬಿದ್ದು! ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸಿ, ಮೇಲೆ ಹಳೆಯ ಬಲೆ ಹೊದಿಸಿ, ಮೂಲೆಗಳಿಗೆ ಕಲ್ಲು ಕಟ್ಟಿದ್ದ. ಬೆರಳಲ್ಲಿ ತಟ್ಟಿ ನೋಡಿದೆ, ಗಟ್ಟಿಯಾಗಿತ್ತು. ಒಂದನ್ನೂ ತೆಗೆದಿರಲಿಲ್ಲ. ನಡುಗುತ್ತ ಕೂತು ಉರುವಲು ಕೂಡಿಡುವ ಇಂಥ ಜಿಪುಣನಿಗಾಗಿಯೇ ನೀನು ನೊಂದಿದ್ದು ಎಂದು ಮೈ ಉರಿಯಿತು. ತಡೆಯಲಾಗದೆ, "ಹೊರಗೆ ಅಷ್ಟೊಂದಿದ್ಯಲ್ಲಾ, ಹಾಕ್ಬಾರ್ದಾ?" ಎಂದೇ ಬಿಟ್ಟೆ.

"ಅದು ನಂದಲ್ಲ," ಎಂದ.

ಯಾರೋ ನೆರೆಯವರದ್ದು ಇಟ್ಟುಕೊಂಡಿರಬೇಕು. ಸುಮ್ಮನೆ ಬೈದೆನಲ್ಲ ಎಂದು ನಾಚಿಕೆಯಾಯಿತು.

ಉಳಿದವರು ಬಸ್ಸು ಹತ್ತಿದರು. ನಾನು ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೊರಟೆ. ಆಗ ಅವನು ಬೆನ್ನು ತಿರುಗಿಸಿಕೊಂಡೇ, "ಟೀಗೆ ಇನ್ನೂ ಮೂರು ಚಮಚ ಸಕ್ರೆ ಹಾಕ್ಕೊಳ್ತಾನಾ?" ಎಂದು ಕೇಳಿದ. ಗಡಿಯಾರದ ಪಕ್ಕ ನಮ್ಮ ಮದುವೆಯ ಫೋಟೋ ಇತ್ತು. ನಿನಗೆ ತಿಳಿಸದೆ ಆಗ ನಾನೇ ಕಳಿಸಿದ್ದೆ. ಇವತ್ತು ತಿಳಿಸಿದೆ.

"ಎರಡು ಚಮಚಕ್ಕೆ ಇಳ್ಸಿದೀನಿ," ಎಂದೆ. ತಲೆಯಾಡಿಸಿದ. ಆಮೇಲೆ ಸ್ವಲ್ಪ ಮಾತಾಡಿದೆವು. ಅದರಲ್ಲಿ ಒಂದು ಮಾತನ್ನು ನಿನಗೆ ಬರೆಯಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಾನೆ. ಬರೆಯಬಹುದಾದದ್ದು ಇಷ್ಟು: "ಮೊಣಕಾಲು ಸಾಕು ಅಂತಿದೆ, ತಾಯಿ. ಚಳಿಗಾಲಕ್ಕೆ ಎಣ್ಣೆ ಒಲೆ ಬರ್ತದೆ. ಇದೇ ನನ್ನ ಕೊನೇ ಕೊಯ್ಲು."

ಸೋಮವಾರ ಬೆಳಿಗ್ಗೆ: ಹೊಗೆ ನೋಡು ಎಂದ ನಿನ್ನ ಕಾಗದ ಹೋಟೆಲಿನಿಂದ ಹೊರಡುವಾಗ ಕೈಸೇರಿತು. ಹೊಗೆ ಇದೆ ಕಣೋ, ತೆಳ್ಳಗೆ. ಹಡಗು ಹಿಡಿಯಲು ಟಾರ್ಬರ್ಟ್ ಬಂದರಿಗೆ ವಾಪಸು ಬರುವಾಗ ಕಿಟಕಿಯಿಂದ ನೋಡಿದೆ. ಕಪ್ಪು ನೆಲದ ಅಂಚಿನುದ್ದಕ್ಕೂ ಜನ ಇಬ್ಬಿಬ್ಬರಾಗಿ ಕೊಯ್ಯುತ್ತಿದ್ದರು. ಅವನೊಬ್ಬ ಮಾತ್ರ ಕತ್ತರಿಸಿ, ಕೆಳಗಿಳಿದು, ಎಸೆದು, ಮತ್ತೆ ಕೈಯೂರಿ ಮೇಲೆ ಹತ್ತುತ್ತಿದ್ದ. "ಅವನು ಹಾಗೇ ಅಂತೆ," ಎಂದ ಶಗ್, "ಯಾರನ್ನೂ ಜೊತೆಗೆ ಸೇರ್ಸಲ್ಲ." ಬಸ್ಸು ತಿರುಗುವವರೆಗೂ ನೋಡಿದೆ. ಹತ್ತುತ್ತಲೇ ಇದ್ದ, ಇಳಿಯುತ್ತಲೇ ಇದ್ದ.

ಮತ್ತೆ ನೀನು ಎರಡು ದಿನ ಹಡಗುಕಟ್ಟೆಯಲ್ಲಿ ಕೂತದ್ದು ಆ ಬೆನ್ನಿಟ್ಟುಕೊಂಡೇ ಏನು? ಬುಧವಾರ ಸಂಜೆ ಮನೆಯಲ್ಲಿರುತ್ತೇನೆ. ಆಗ ವಿಚಾರಿಸಿಕೊಳ್ಳುತ್ತೇನೆ.

ಎಲ್ಸ್‌ಪೆತ್


ಊಯಿಗ್ ಹಡಗುಕಟ್ಟೆ, ಸ್ಕೈ ದ್ವೀಪ
ಬುಧವಾರ, 17 ಮೇ

ಪ್ರೀತಿಯ ಎಲ್ಸ್‌ಪೆತ್,

ನೀನು ಮನೆಗೆ ಬಂದಾಗ ನಾನಿರುವುದಿಲ್ಲ. ಬೀಗದ ಕೈ ಕುಂಡದ ಅಡಿಯಲ್ಲಿದೆ. ಗಿಡಗಳಿಗೆ ನೀರು ಹಾಕು.

ಅದು ನೆರೆಯವರದ್ದಲ್ಲ.

ಮೇ ತಿಂಗಳಲ್ಲಿ ನಮ್ಮೂರಿನ ಯಾವ ಮನೆಯಲ್ಲೂ ತುಂಬಿದ ಬಣವೆ ಇರುವುದಿಲ್ಲ. ಚಳಿಗಾಲ ಎಲ್ಲವನ್ನೂ ತಿಂದು ಮುಗಿಸಿರುತ್ತದೆ. ಒಂದೇ ಅಂಚಿನಲ್ಲಿ ಅಣ್ಣತಮ್ಮಂದಿರು ಕೊಯ್ದರೆ ಅಣ್ಣನ ಪಾಲು ಬಾಗಿಲ ಮುಂದೆ, ತಮ್ಮನ ಪಾಲು ಪಕ್ಕದ ಗೋಡೆಗೆ. ಒಬ್ಬನ ಪಾಲನ್ನು ಇನ್ನೊಬ್ಬ ಮುಟ್ಟುವಂತಿಲ್ಲ, ಮನೆಯೊಳಗೆ ನೀರು ಹೆಪ್ಪುಗಟ್ಟಿದರೂ ಮುಟ್ಟುವಂತಿಲ್ಲ. ಇದನ್ನು ಯಾರೂ ನಮಗೆ ಹೇಳಿಕೊಟ್ಟಿದ್ದಲ್ಲ. ಹುಟ್ಟಿದಾಗಿನಿಂದ ಗೊತ್ತು.

ಪೀಟ್ ವರ್ಷಗಟ್ಟಲೆ ಹೊರಗಿದ್ದರೆ ಪುಡಿಯಾಗುತ್ತದೆ. ನೀನು ಮುಟ್ಟಿದ್ದು ಗಟ್ಟಿಯಾಗಿತ್ತು. ಅಂದರೆ ಅದು ಕಳೆದ ಬೇಸಿಗೆಯದು. ಅಂದರೆ ಅದರ ಹಿಂದಿನ ಬೇಸಿಗೆಯಲ್ಲೂ, ಅದಕ್ಕೂ ಹಿಂದೆ

ಇಲ್ಲಿ ಪೆನ್ನು ನಿಂತಿತು. ಪಕ್ಕದಲ್ಲಿ ಕೂತ ಮುದುಕಿ ಕರವಸ್ತ್ರ ಕೊಟ್ಟಳು. ಏನಾಯಿತೆಂದು ಗೇಲಿಕ್‌ನಲ್ಲಿ ಕೇಳಿದಳು. ಉತ್ತರ ಹೇಳಲು ಹೊರಟೆ, ಮಾತು ತಾನಾಗಿಯೇ ಬಂತು. ನಾನು ಎಚ್ಚರವಾಗಿಯೇ ಇದ್ದೆ.

ನನ್ನನ್ನು ಹೊರಗೆ ಹಾಕಿದ ಮನೆ ಎಂದುಕೊಂಡಿದ್ದೆ, ಎಲ್ಸ್‌ಪೆತ್. ಆ ಮನೆಯ ಗೋಡೆಗೆ ನನ್ನ ಪಾಲು ಒರಗಿ ನಿಂತಿದೆ. ಅವನು ಕೊನೆಯ ಕೊಯ್ಲು ಮುಗಿಸುವುದರೊಳಗೆ ತಲುಪಬೇಕು. ನನ್ನ ಬೆನ್ನಿಗೆ ಏನೂ ಆಗಿರಲಿಲ್ಲ. ನಿನಗೆ ಗೊತ್ತಿತ್ತು.

ಹಡಗು ಕಾಣುತ್ತಿದೆ. ಹೆದರಿಕೆಯಾಗುತ್ತಿದೆ.

ಫಾರ್ಕರ್


ಗ್ರೀನಕ್
ಶುಕ್ರವಾರ, 19 ಮೇ

ನನ್ನ ಫಾರ್ಕರ್,

ನಿನ್ನ ಕಾಗದ ಇವತ್ತು ಬಂತು. ಎರಡು ದಿನ ಖಾಲಿ ಮನೆಯಲ್ಲಿ ತಲೆ ಕೆಟ್ಟು ಕೂತಿದ್ದೆ. ಪಕ್ಕದ ಮನೆಯವಳು, "ನಿಮ್ಮೆಜಮಾನ್ರು ಪೆಟ್ಟಿಗೆ ಹಿಡ್ಕೊಂಡು ರೈಲಿಗೆ ಓಡ್ತಿದ್ರು ಕಣ್ರೀ, ಬೆನ್ನು ನೋವು ಅಂದ್ರಲ್ಲಾ?" ಎಂದಳು. ಇಡೀ ಬೀದಿಗೆ ಈಗ ನಿನ್ನ ಬೆನ್ನಿನ ವಿಷಯ ಗೊತ್ತು.

ನೀನು ಹೋಗಿ ತಲುಪಿರುವುದರಿಂದ ನಿನ್ನ ಅಣ್ಣನಿಗೆ ಕೊಟ್ಟ ಭಾಷೆ ಇಲ್ಲಿಗೆ ತೀರಿತು ಎಂದುಕೊಳ್ಳುತ್ತೇನೆ. ಅವತ್ತು ಯಾಕೆ ಹಾಗೆ ಕೂಗಿದಿರಿ ಎಂದು ನಾನು ಲಾಕ್ಲನ್‌ನನ್ನು ಕೇಳಿದ್ದೆ. ಅವನು ಹೇಳಿದ್ದು ಇದು:

"ಗ್ರೀನಕ್‌ನಲ್ಲಿ ಅವನಿಗೊಬ್ಳು ಹುಡುಗಿ ಇದ್ಲು. ಕೆಲ್ಸಾನೂ ಸಿಕ್ಕಿತ್ತು. ಅಪ್ಪ ಹೋದ್ಮೇಲೆ ನನ್ನೊಬ್ನನ್ನೇ ಬಿಟ್ಟು ಹೋಗೋಕೆ ಅವನಿಗೆ ಮನ್ಸಿಲ್ಲ. ಹೋಗ್ತೀನಿ ಅಂತ ಬಾಯ್ಬಿಟ್ಟು ಹೇಳೋನೂ ಅಲ್ಲ, ನಾನೂ ಅಲ್ಲ. ಯಾರಾದ್ರೂ ಒಬ್ರು ಕೂಗ್ಲೇಬೇಕಿತ್ತಲ್ಲ, ತಾಯಿ."

ಆ ಹುಡುಗಿ ನಾನು, ಫಾರ್ಕರ್. ಈ ಮನೆ, ಈ ಟೊಮೇಟೊ, ಹಾಸಿಗೆಯಲ್ಲಿ ನೀನು ಗೊಣಗುವ ರಾತ್ರಿಗಳು, ಎಲ್ಲವೂ ಅವನು ಚಳಿಯಲ್ಲಿ ಕೂತು ನನಗೆ ಕೊಟ್ಟದ್ದು. ನಾನು ಅವನನ್ನು ಜಿಪುಣ ಎಂದು ಬರೆದೆ. ಆ ಹಾಳೆಯನ್ನು ಅವನ ಒಲೆಗೆ ಹಾಕಿಬಿಡು.

ನಿನ್ನ
ಎಲ್ಸ್‌ಪೆತ್


ಹ್ಯಾರಿಸ್
ಮಂಗಳವಾರ, 23 ಮೇ

ಪ್ರೀತಿಯ ಎಲ್ಸ್‌ಪೆತ್,

ಕಾಗದ ಬರೆಯಲು ಕೈ ಬಗ್ಗುತ್ತಿಲ್ಲ, ಅಂಗೈ ತುಂಬ ಗುಳ್ಳೆ. ಸಂತೋಷವಾಗಿದ್ದೇನೆ.

ಬುಧವಾರ ಸಂಜೆ ಟಾರ್ಬರ್ಟ್‌ನಲ್ಲಿ ಇಳಿದೆ. ಅಂಗಡಿಯಾಕೆ ಯಾರ ಪೈಕಿ ಎಂದು ಕೇಳಿದಳು. ಹೆಸರು ಹೇಳಿದೆ. "ಓ, ಶಾಲೆ ಪೀಟಿನ ಫಾರ್ಕರ್!" ಎಂದಳು. ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಪ್ರತಿ ಆಗಸ್ಟ್‌ನಲ್ಲಿ ಹೊಸದನ್ನು ಗೋಡೆಗೆ ಒರಗಿಸುವ ಮೊದಲು ಲಾಕ್ಲನ್ ಹಳೆಯ ಬಣವೆಯನ್ನು ಗಾಡಿಗೆ ತುಂಬಿ ಶಾಲೆಗೆ ಹೊಡೆಯುತ್ತಿದ್ದನಂತೆ. "ಫಾರ್ಕರ್ ಕೊಟ್ಟಿದ್ದು," ಎಂದು ಇಳಿಸುತ್ತಿದ್ದನಂತೆ. ನಾನು ಗ್ರೀನಕ್‌ನಲ್ಲಿ ಮುಖ ತಿರುಗಿಸಿ ಕೂತಿದ್ದಷ್ಟು ಕಾಲವೂ ಇಲ್ಲಿ ಯಾರದೋ ಮಕ್ಕಳು ನನ್ನ ಹೆಸರಿನಲ್ಲಿ ಕಾಲು ಕಾಯಿಸಿಕೊಂಡಿದ್ದಾರೆ.

ಅವನು ಬಾಗಿಲಲ್ಲೇ ನಿಂತಿದ್ದ. ಅವನು ನನ್ನ ಕಾಲು ನೋಡಿದ. "ಈ ಶೂನಲ್ಲಿ ಕೆಸರಿಗೆ ಇಳಿಯೋಕಾಗಲ್ಲ," ಎಂದ. ಆಮೇಲೆ ಹೊರಗೆ ಹೋಗಿ ಪಕ್ಕದ ಗೋಡೆಯ ಬಲೆ ಬಿಚ್ಚಿ, ಒಂದು ಬುಟ್ಟಿ ತುಂಬಿ ತಂದು, ಒಲೆಯ ಬಾಯಿ ತುಂಬ ಹಾಕಿದ. ಹತ್ತಿಕೊಂಡಿತು.

"ಒಣಗಿದೆ," ಎಂದ.

ಅವನು ಕೋಟು ಬಿಚ್ಚಿದ. ನಾನೂ ಬಿಚ್ಚಿದೆ.

ಮರುದಿನದಿಂದ ಅವನು ಮೇಲೆ, ನಾನು ಕೆಳಗೆ. ಕೈಗಳು ಮರೆತಿರಲಿಲ್ಲ. ನಿನ್ನ ಕಾಗದ ನಿನ್ನೆ ಅಂಚೆಯವನ ಕೈಯಿಂದ ನೇರ ಕೆಸರಿಗೇ ಬಂತು. ಗುಂಡಿಯಲ್ಲಿ ನಿಂತೇ ಓದಿದೆ. ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. "ಏನಂತೆ?" ಎಂದ ಮೇಲಿನಿಂದ. "ಟೊಮೇಟೊ ಚೆನ್ನಾಗಿದೆಯಂತೆ," ಎಂದೆ. ಅವನು ಸಮುದ್ರದ ಕಡೆ ನೋಡಿದ. "ಅವಳ ಬಾಯಲ್ಲಿ ಗುಟ್ಟು ನಿಲ್ಲಲ್ಲ ಅಂತ ನಂಗೆ ಅವತ್ತೇ ಗೊತ್ತಾಯ್ತು," ಎಂದ. ಅಷ್ಟೇ ಮಾತು. ಆದರೆ ಸಂಜೆ ಟೀಗೆ ನನಗೆ ಮೂರು ಚಮಚ ಹಾಕಿದ.

ಎಣ್ಣೆ ಒಲೆ ಬೇಡವೆಂದು ಹೇಳಿ ಕಳಿಸಿದ್ದಾನೆ. ಇಬ್ಬರಿರುವಾಗ ಮೊಣಕಾಲು ನೋಯುವುದಿಲ್ಲವಂತೆ.

ಇವತ್ತು ಕೆಲಸ ಮುಗಿಯುವ ಹೊತ್ತಿಗೆ ನೋಡಿದೆ. ಹುಲ್ಲಿನ ಮೇಲೆ ಅವನ ಸಾಲು, ನನ್ನ ಸಾಲು, ಅದರಾಚೆ ಮೂರನೆಯ ಸಾಲೊಂದು ಶುರುವಾಗಿದೆ. ನಮ್ಮ ಮನೆಯಲ್ಲಿ ಮೂರನೆಯ ಸಾಲು ಯಾವತ್ತೂ ಇರಲಿಲ್ಲ.

"ಅದ್ಯಾರದ್ದು?" ಎಂದೆ.

"ಗ್ರೀನಕ್‌ನವಳದ್ದು. ಸುಮ್ನೆ ನಿಂತ್ಕೋಬೇಡ, ಎಸಿ."

ಎಸೆದೆ. ಆಗಸ್ಟ್ ಹೊತ್ತಿಗೆ ಒಣಗುತ್ತದೆ, ಎಲ್ಸ್‌ಪೆತ್. ಅದನ್ನು ನಾವಿಬ್ಬರೂ ಮುಟ್ಟುವಂತಿಲ್ಲ. ನೀನೇ ಬಂದು ಮನೆಗೆ ಹೊರಬೇಕು.

ನಿನ್ನ
ಫಾರ್ಕರ್